ಮೂರು ಮಹಡಿ ಹತ್ತಿದವರು

ಕುರ್ಲಾದಲ್ಲಿ ರಸ್ತೆ ಗುಡಿಸಿ ಗುಡಿಸಿ ನನ್ನ ಗಂಡ ಗುರುಪಾದನ ಎದೆ ಹಾಳಾಗಿದೆ. ಜೊತೆಗೆ ಗುಡಿಸುತ್ತಿದ್ದ ಖಂಡಪ್ಪನಿಗೂ ಇದೇ ರೋಗ. ಹೋದ ತಿಂಗಳು ಆಸ್ಪತ್ರೆಯ ಡಾಕ್ಟರು ಅವನ ಎಕ್ಸ್‌ರೇ ನೋಡಿ, ಇವನಿಂದ ಇನ್ನು ದುಡಿಯಲಾಗದೆಂದು ಬರೆದು ನಿವೃತ್ತಿ ಕೊಡಿಸಿದರು.

ಇವತ್ತು ನಮ್ಮ ಸರದಿ. ಅದೇ ಆಸ್ಪತ್ರೆ, ಅದೇ ಮೂರನೇ ಮಹಡಿ, ಡಾಕ್ಟರು ಮಾತ್ರ ಬೇರೆ. ನಮ್ಮ ವಿಜಯಪುರದ ಕಡೆಯವರೇ ಎಂದು ತಿಳಿದು ಹಿಗ್ಗಿದ್ದೆ. ಅವರು ಎಕ್ಸ್‌ರೇ ಲಕೋಟೆಯನ್ನು ಬಿಚ್ಚಲೂ ಇಲ್ಲ.

"ಲಿಫ್ಟ್ ಬಂದ್ ಐತಿ. ಮ್ಯಾಲೆ ಹೆಂಗ ಬಂದಿ?"

"ಮೆಟ್ಟಿಲ ಹತ್ತಿ ಬಂದೇನ್ರಿ," ಎಂದ ನನ್ನ ಗಂಡ, ನನ್ನ ಮುಖ ನೋಡದೆ.

"ಮೂರು ಮಾಳಿಗಿ ಹತ್ತಾಂವಗ ಕಸಬರಿಗಿ ಭಾರ ಆಗತೈತೇನು? ಫಿಟ್ ಅದಿ, ಹೋಗು."

"ಖಂಡಪ್ಪಗೂ ಇದ ಬ್ಯಾನಿ ಇತ್ತಲ್ರೀ ಸಾಹೇಬ್ರ. ಅವನ್ನ ಹೆಂಗ ರಿಟೈರ್ ಮಾಡಿದ್ರಿ?" ಎಂದೆ ನಾನು.

"ಮಾಡಿದಾಂವ ನಾ ಅಲ್ಲ. ಆ ಡಾಕ್ಟರ್‌ಗ ಕೇಳು ಹೋಗು."

ನನ್ನ ಪಿತ್ತ ನೆತ್ತಿಗೇರಿತು. ಧೂಳು ಅದೇ, ಕೆಮ್ಮು ಅದೇ. ಕುರ್ಚಿಯಲ್ಲಿ ಕೂತವರು ಬದಲಾದರೆ ರೋಗವೂ ವಾಸಿಯಾಗುತ್ತದೆಯೇ? ಅಂಧೇರಿಯ ಕಟ್ಟಡಗಳಲ್ಲಿ ಇಟ್ಟಿಗೆ ಹೊರುವವಳು ನಾನು. ಮೇಜಿನ ಮುಂದೆಯೇ ಸೆರಗು ಬಿಗಿದು, ಗಂಡನಿಗೆ ಬೆನ್ನು ಕೊಟ್ಟು ಕುಕ್ಕರುಗಾಲಲ್ಲಿ ಕೂತೆ.

"ನಾಚಬ್ಯಾಡ್ರಿ. ಬರುವಾಗ ಹೆಂಗ ಏರಿದ್ರಿ, ಹಂಗ ಏರ್ರಿ," ಎಂದೆ.

ಅವನ ಕಡ್ಡಿಯಂಥ ತೋಳುಗಳು ನನ್ನ ಕೊರಳು ಬಳಸಿದವು. ಹೊತ್ತು ಎದ್ದು ನಿಂತೆ.

"ಈಗ ನೋಡ್ರಿ ಸಾಹೇಬ್ರ. ಮೂರು ಮಾಳಿಗಿ ಹತ್ತಿದಾಕಿ ನಾನು. ಫಿಟ್ ಅಂತ ನನ್ನ ಹೆಸರಿಗೆ ಬರೀರಿ."