ಮೂಲೆ ಮಡಚಿದ ಚೀಟಿ

ಕಲ್ಲಿರೋಯಿ ನಾದಿದ ಹಿಟ್ಟನ್ನು ದುಂಡಗೆ ತಟ್ಟಿ, ಮರದ ಅಚ್ಚಿಗೆ ಒಣಹಿಟ್ಟು ಸವರಿ, ಅಂಗೈಯ ಬುಡದಿಂದ ಒತ್ತಿದಳು. ಭಾನುವಾರದ ಪೂಜೆಗೆ ಹೋಗುವ ರೊಟ್ಟಿಯಲ್ಲಿ ಶಿಲುಬೆ ಮೂಡದಿದ್ದರೆ ಅದು ಬರೀ ರೊಟ್ಟಿ. ಆಂಡ್ರೋಸ್ ದ್ವೀಪದ ಆ ಊರಲ್ಲಿ ಅವಳಷ್ಟು ಚೊಕ್ಕವಾಗಿ ಅಚ್ಚೊತ್ತುವವರು ಇನ್ನೊಬ್ಬರಿರಲಿಲ್ಲ. ಅದು ಅವಳಿಗೂ ಗೊತ್ತಿತ್ತು.

ಹೊಸಿಲಲ್ಲಿ ಪಾದ್ರಿ ಯೊಆಕಿಂ ಕೆಮ್ಮಿದರು. "ಏನಜ್ಜಿ, ಇನ್ನೂ ಒಲೆಗೇ ಹಾಕಿಲ್ಲ? ನಾಳೆ ದೇವರ ಮುಂದೆ ಹಸಿ ಹಿಟ್ಟು ಇಡ್ಲಾ?"

"ನೀವು ಪ್ರಸಂಗ ಮಾಡೋ ಹೊತ್ತಲ್ಲಿ ಎರಡು ಸಲ ಬೇಯುತ್ತೆ. ಕೂತ್ಕೊಳ್ಳಿ ಗುರುಗಳೇ. ಕತೀಫಿಯಾ ಅಂದ್ರೇನು, ಹೇಳಿ."

"ಅದೇನು ಕೇಳೋದು? ನಮ್ಮ ಟೀಮು ಸೋತ ಮಾರನೇ ದಿನ ಕಾಫಿ ಅಂಗಡೀಲಿ ಇರುತ್ತಲ್ಲ, ಅದು. ಜೋಲುಮುಖ."

"ಅಷ್ಟು ನನಗೂ ಗೊತ್ತು. ಅಪೊಸ್ತಲರ ಪತ್ರದಲ್ಲಿ ಓದಿದೆ, ನಮ್ಮ ಸಂತೋಷ ಕತೀಫಿಯಾ ಆಗ್ಬೇಕಂತೆ. ದೇವರಿಗೆ ನಮ್ಮ ಜೋಲುಮುಖ ಯಾತಕ್ಕೆ?"

ಪಾದ್ರಿ ಗಡ್ಡ ನೀವಿಕೊಂಡರು. "ಹಳೇ ಕಾಲದಲ್ಲಿ ಅದು ಕಣ್ಣು ಕೆಳಗೆ ಹಾಕೋದು ಅಜ್ಜಿ. ಎದೆ ಬಡ್ಕೊಂಡು ಅಳೋದಲ್ಲ. ಅರ್ಧ ದುಃಖ, ಅರ್ಧ ನಾಚಿಕೆ. ತಪ್ಪು ನಂದೇ ಅಂತ ಗೊತ್ತಾದವನು ಎದುರಿನವರ ಮುಖ ನೋಡ್ತಾನಾ? ಆ ನೋಟ ಅದು. ಅಲ್ಲೇ ಮುಂದಕ್ಕೆ ಓದಿ, ಹಾಗೆ ತಗ್ಗಿದವರನ್ನ ದೇವರೇ ಎತ್ತುತ್ತಾನೆ."

ಕಲ್ಲಿರೋಯಿಯ ಕೈ ಅಚ್ಚಿನ ಮೇಲೆಯೇ ನಿಂತಿತು.

ಹದಿನೇಳು ವರ್ಷದ ಹಿಂದೆ ಅವಳಿಗೆ ಅಕ್ಷರ ಬರುತ್ತಿರಲಿಲ್ಲ. ಪಾದ್ರಿ ಹೆಸರು ಓದಲೆಂದು ಪ್ರಾರ್ಥನೆಗೆ ಕೊಡುವ ಎರಡು ಚೀಟಿಗಳನ್ನು, ಬದುಕಿರುವವರದ್ದೊಂದು, ಸತ್ತವರದ್ದೊಂದು, ಪಕ್ಕದ ಮನೆಯವಳು ಬರೆದುಕೊಡುತ್ತಿದ್ದಳು. ಗುರುತಿಗೆಂದು ಸತ್ತವರ ಚೀಟಿಯ ಮೂಲೆಯನ್ನು ಕಲ್ಲಿರೋಯಿ ಮಡಚಿಡುತ್ತಿದ್ದಳು. ಆ ವರ್ಷ ಸತ್ತವರನ್ನು ನೆನೆಯುವ ಶನಿವಾರದಂದು, ಅವರ ಹೆಸರಲ್ಲಿ ಬೇಯಿಸಿದ ಗೋಧಿಯ ತಟ್ಟೆ ಹಿಡಿದು ಚರ್ಚಿಗೆ ಓಡಿದವಳು, ಮೂಲೆ ಮುಟ್ಟಿ ನೋಡದೆ ಕೈಗೆ ಸಿಕ್ಕಿದ ಚೀಟಿಯನ್ನೇ ಸತ್ತವರದ್ದೆಂದು ಕೊಟ್ಟಳು. ಊರಿಗೆ ಬಂದು ಆರೇ ದಿನವಾಗಿದ್ದ ಯೊಆಕಿಂ ಅದನ್ನು ಗಟ್ಟಿಯಾಗಿ ಓದಿದರು: ಮರೂಸೊ, ಲಿಯೋನಿಸ್. ತಂಗಿ ಮರೂಸೊ ಅಲ್ಲೇ ನಿಂತು, ತನ್ನ ಹೆಸರನ್ನೂ ಕಡಲಲ್ಲಿದ್ದ ಗಂಡನ ಹೆಸರನ್ನೂ ಸತ್ತವರ ಸಾಲಿನಲ್ಲಿ ಕೇಳಿಸಿಕೊಂಡಳು. ನಲವತ್ತು ದಿನ ಕಳೆಯುವುದರೊಳಗೆ ಲಿಯೋನಿಸನ ಹಡಗು ಮುಳುಗಿತು. "ನೀನೇ ಅವನನ್ನ ಕಳಿಸಿಬಿಟ್ಟೆ ಅಕ್ಕ" ಎಂದವಳು ದ್ವೀಪ ಬಿಟ್ಟು ಪಿರೇಯಸ್ ಪಟ್ಟಣಕ್ಕೆ ಹೋಗಿಬಿಟ್ಟಳು. ಮತ್ತೆ ಮಾತಿಲ್ಲ.

ಕಲ್ಲಿರೋಯಿ ರಾತ್ರಿ ಶಾಲೆಗೆ ಸೇರಿದ್ದು ಅದಾದ ಮೇಲೆ. ಅಕ್ಷರ ಕೂಡಿಬಂದಾಗಿನಿಂದ ಪ್ರತಿ ವರ್ಷ ತಂಗಿಗೊಂದು ಪತ್ರ ಬರೆದಿದ್ದಳು. ಹನ್ನೊಂದು ಪತ್ರ ಬಿಸ್ಕತ್ತಿನ ಡಬ್ಬಿಯಲ್ಲೇ ಇದ್ದವು. ಕಳಿಸಲು ಯಾಕೆ ಕೈ ಬರುವುದಿಲ್ಲವೆಂದು ಅವಳಿಗೇ ತಿಳಿದಿರಲಿಲ್ಲ. ಈಗ ತಿಳಿಯಿತು.

"ಗುರುಗಳೇ, ಮರೂಸೊಗೆ ಬರೆದದ್ದರಲ್ಲೆಲ್ಲ ನಿಮ್ಮನ್ನ ಬೈದಿದ್ದೀನಿ. ಹೊಸ ಪಾದ್ರಿ ಒಂದು ಮಾತು ಕೇಳಿ ಓದಬೇಕಿತ್ತು ಅಂತ. ಪಕ್ಕದ ಮನೆಯವಳನ್ನೂ ಬಿಟ್ಟಿಲ್ಲ, ಎರಡಕ್ಕೂ ಒಂದೇ ಥರ ಕಾಗದ ಯಾಕೆ ತಗೊಂಡ್ಲು ಅಂತ."

"ಚೆನ್ನಾಗಿ ಬೈದಿದ್ದೀರಾ?"

"ಒಂದಕ್ಷರ ತಪ್ಪಿಲ್ಲದಂಗೆ."

ಪಾದ್ರಿ ನಕ್ಕರು. ಆಮೇಲೆ ನಗು ನಿಲ್ಲಿಸಿ, "ಆ ಹೆಸರು ಓದಿದ ಬಾಯಿ ನಂದೇ ಅಜ್ಜಿ. ನಾನೂ ಮರೆತಿಲ್ಲ" ಎಂದರು.

"ನಿಮ್ಮದು ಬಾಯಿ. ಕೈ ನಂದು."

ರೊಟ್ಟಿಯನ್ನು ಒಲೆಯೊಳಗೆ ತಳ್ಳಿ, ಹಿಟ್ಟಿನ ಕೈ ಒರೆಸಿಕೊಂಡು, ಅಲ್ಲೇ ಮೇಜಿನ ಮೇಲೆ ಹೊಸ ಪತ್ರ ಬರೆದಳು. ಬರೆಯುವಷ್ಟು ಹೊತ್ತೂ ಕಣ್ಣು ಕೆಳಗೇ ಇತ್ತು.

"ಮರೂಸೊ, ಚೀಟಿ ಕೊಟ್ಟವಳು ನಾನು. ಮೂಲೆ ಮುಟ್ಟಿ ನೋಡಲಿಲ್ಲ. ಬೇರೆ ಯಾರ ತಪ್ಪೂ ಇಲ್ಲ. ಇಷ್ಟು ಹೇಳಲು ಹದಿನೇಳು ವರ್ಷ ಹಿಡಿಯಿತು. ನಿನ್ನ ಅಕ್ಕ."

ಆಮೇಲೆ ನಾಳಿನ ಚೀಟಿಗಳನ್ನು ಬರೆದಳು. ಬದುಕಿರುವವರ ಸಾಲಿನಲ್ಲಿ ಮರೂಸೊಳ ಹೆಸರು ಮೊದಲು. ಲಿಯೋನಿಸನದು ಇನ್ನೊಂದರಲ್ಲಿ. ಓದು ಬರುತ್ತಿದ್ದರೂ ಅದರ ಮೂಲೆ ಮಡಚಿ, ಎರಡನ್ನೂ ಪಾದ್ರಿಯ ಕೈಗಿತ್ತಳು.

"ರೊಟ್ಟಿ ನೋಡ್ಕೊಳ್ಳಿ. ಸೀದುಹೋದ್ರೆ ಇನ್ನೊಂದು ಪತ್ರ ಬರೀತೀನಿ."

ಪತ್ರವನ್ನು ಲಕೋಟೆಗೆ ಹಾಕಿ ಹೊರಟವಳು ಬಂದರಿನ ಅಂಚೆ ಡಬ್ಬಿಯವರೆಗೆ ಎಲ್ಲೂ ನಿಲ್ಲಲಿಲ್ಲ. ಎದುರಾದವರ ಮುಖ ನೋಡಿ ನಮಸ್ಕಾರ ಹೇಳುತ್ತಲೇ ಇಳಿದಳು. ಲಕೋಟೆ ತಳಕ್ಕೆ ಬಿದ್ದ ಸದ್ದು ಕೇಳಿಸಿದ ಮೇಲೆಯೇ ಕೈ ಹಿಂತೆಗೆದದ್ದು.