ನೆಲದಲ್ಲಿ ಹೂತ ಒರಳು

"ಇದು ರಾಜರ ಕಾಲದ ಕುದುರೆ ಲಾಯ ಸಾರ್. ಈ ಕಲ್ಲಿನಲ್ಲಿ ಕುದುರೆಗಳಿಗೆ ನೀರು ಹಾಕ್ತಿದ್ರು," ಎಂದು ಗೈಡ್ ಯಲ್ಲೇಶ ಬೂಟಿನ ತುದಿಯಿಂದ ಒರಳನ್ನು ತೋರಿಸಿದ.

ನೀರಿನ ಬಾಟಲಿಗಳ ಚೀಲ ಹೊತ್ತು ಸಾಲಿನ ಕೊನೆಗೆ ಬರುತ್ತಿದ್ದ ರೇಣುಕಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಲಾಯವಂತೆ, ಕುದುರೆಯಂತೆ. ಅದು ಅವಳ ಅಡುಗೆಮನೆ. ಆರು ವರ್ಷದ ಹಿಂದೆ ಹಂಪಿಯ ಈ ಹೊಳೆದಂಡೆಯ ಓಣಿಯನ್ನು ಖಾಲಿ ಮಾಡಿಸಿದಾಗ ಗೋಡೆ ಹೋಯಿತು, ತಗಡು ಹೋಯಿತು. ನೆಲದಲ್ಲಿ ಹೂತಿದ್ದ ಒರಳು ಮಾತ್ರ ಯಾರ ಹಾರೆಗೂ ಜಗ್ಗದೆ ಉಳಿಯಿತು. ಪಕ್ಕದ ಮನೆಯ ಈ ಯಲ್ಲೇಶ ಹುಡುಗನಾಗಿದ್ದಾಗ ಸಂಜೆ ಶಾಲೆ ಬಿಟ್ಟವನೇ ತನ್ನ ಮನೆಗೂ ಹೋಗದೆ ಅದರ ಮುಂದೆ ಕುಕ್ಕರಗಾಲಲ್ಲಿ ಕೂತು, ಒರಳಿಗೆ ಅಂಟಿದ ಕೆಂಪು ಚಟ್ನಿಯನ್ನು ರೊಟ್ಟಿಯಲ್ಲಿ ಬಳಿದು ತಿನ್ನುತ್ತಿದ್ದ.

ಬೆಂಗಳೂರಿನಿಂದ ಬಂದ ಹನ್ನೆರಡು ಮಂದಿ ಪ್ರವಾಸಿಗರು ಫೋಟೊ ತೆಗೆಸಿಕೊಂಡರು. ಬಿಳಿ ಟೋಪಿಯವನೊಬ್ಬ ಸಿಗರೇಟನ್ನು ಒರಳಿನೊಳಗೇ ಹೊಸಕಿದ. ಯಲ್ಲೇಶ ಅದನ್ನು ನೋಡಿಯೂ ಹಲ್ಲು ಕಿರಿದ. ರೇಣುಕಮ್ಮ ಚೀಲವನ್ನು ಇನ್ನೊಂದು ಹೆಗಲಿಗೆ ಬದಲಿಸಿದಳು. ಹಿಂದೆ ಉಳಿದವರನ್ನು ಕರೆತರುವುದಷ್ಟೇ ಅವಳ ಕೆಲಸ. ಅತಿಥಿಗಳ ಜೊತೆ ಮಾತಾಡಬಾರದೆಂದು ಟೂರು ಕಂಪನಿಯವರು ಮೊದಲ ದಿನವೇ ಹೇಳಿದ್ದರು.

ಮಧ್ಯಾಹ್ನದ ಊಟ ಊರಾಚೆಯ ಹೊಳೆಯಂಚಿನ ಬಾರಿನಲ್ಲಿ. ಪ್ರವಾಸಿಗರು ಬೀರು ಹಿಡಿದು ಮೀನಿಗೆ ಕಾಯುತ್ತಿದ್ದಾಗ ಯಲ್ಲೇಶ ಹಿತ್ತಲ ನಲ್ಲಿಯ ಬಳಿ ಕೂತಿದ್ದ ರೇಣುಕಮ್ಮನಿಗೆ ತಟ್ಟೆ ತಂದ.

"ಉಣ್ಣು ಚಿಗವ್ವ."

"ಯಾವ ಕುದರಿಲೇ ಅದು?"

"ಅಲ್ಲಬೇ, ಯಾರದರ ಅಡಗಿಮನಿ ಅಂದ್ರ ಯಾರು ನೋಡ್ತಾರ? ಕಂಪನಿಯವ್ರು ಹಂಗ ಬರದು ಕೊಟ್ಟಾರ."

"ನೀ ಅಲ್ಲಿ ಉಂಡಿದ್ದನ್ನೂ ಬರದಾರೇನು?"

ಅವನು ಅತ್ತಿತ್ತ ನೋಡಿದ. "ಸುಮ್ಕಿರು. ಇಬ್ಬರ ಕೆಲಸನೂ ಹೋಗ್ತತಿ."

ಅದು ಸುಳ್ಳಲ್ಲ. ಈ ಕೆಲಸ ಹೋದರೆ ಮತ್ತೆ ಕಂಪ್ಲಿ ಕಡೆ ಕಬ್ಬು ಕಡಿಯಲು ಹೋಗಬೇಕು, ಅವಳ ಮಂಡಿಗೆ ಅದು ಆಗದ ಮಾತು. ಆದರೂ ಅವಳು ತಟ್ಟೆಗೆ ಕೈ ಹಾಕಲಿಲ್ಲ. ಕಂಪನಿಯವರ ಮೇಲೆ ಅವಳಿಗೆ ಅಷ್ಟು ಸಿಟ್ಟಿರಲಿಲ್ಲ. ಅವರೇನು ಅವಳ ಮನೆ ಕಂಡವರೇ? ಇವನು ಕಂಡವನು. ತಟ್ಟೆ ಸರಿಸಿ ಚೀಲ ಹೆಗಲಿಗೇರಿಸಿದಳು.

ವಾಪಸು ದಾರಿಯೂ ಅದೇ. ಯಾವಾಗಲೂ ಕೊನೆಗೆ ಬರುತ್ತಿದ್ದವಳು ಈಗ ಎಲ್ಲರಿಗಿಂತ ಮುಂದೆ ನಡೆದಳು. ಉಳಿದವರು ತಲುಪುವ ಹೊತ್ತಿಗೆ ಸಿಗರೇಟಿನ ತುಂಡು ಹೆಕ್ಕಿ ಎಸೆದು, ಬಾಟಲಿಯ ನೀರಿನಿಂದ ಒರಳು ತೊಳೆದು, ಅದರ ಪಕ್ಕದಲ್ಲೇ ಕೂತಿದ್ದಳು.

"ಬರ್ರಿ, ಕುಂದ್ರಿ. ಇದು ನಮ್ಮನಿ ರೀ," ಎಂದಳು. "ಇಲ್ಲಿ ಯಾವ ಕುದರಿನೂ ನೀರು ಕುಡದಿಲ್ಲ. ಇಲ್ಲಿ ಉಂಡು ಬೆಳದಾವ ನಿಮ್ಮ ಮುಂದ ನಿಂತಾನ, ಅವನ್ನ ಕೇಳ್ರಿ."

ಹನ್ನೆರಡು ಮುಖಗಳೂ ಯಲ್ಲೇಶನತ್ತ ತಿರುಗಿದವು. ಅವನು ನಗಲು ನೋಡಿದ. ಯಾರೂ ನಗಲಿಲ್ಲ.

"ಚಪ್ಪಲಿ ಬಿಟ್ಟು ಒಳಗ ಬಾ," ಎಂದಳು ರೇಣುಕಮ್ಮ, ಆಗ ದಿನಾ ಸಂಜೆ ಹೇಳುತ್ತಿದ್ದ ಹಾಗೆಯೇ.

ಯಲ್ಲೇಶ ಹಿಂದೆ ಹೊಸ್ತಿಲಿದ್ದ ಜಾಗಕ್ಕೆ ಬಂದು, ಕೂತು, ಬೂಟಿನ ಲೇಸು ಬಿಚ್ಚತೊಡಗಿದ. ಬಿಳಿ ಟೋಪಿಯವನು ಗೋಡೆಯಿದ್ದ ಜಾಗದ ಅಡಿಗಲ್ಲಿನ ಮೇಲಿಟ್ಟಿದ್ದ ಕಾಲನ್ನು ಮೆಲ್ಲಗೆ ಕೆಳಗಿಳಿಸಿದ.