ಮೂರು ದಿನದ ಹಿಟ್ಟು

ನಮ್ಮ ಗಿರಣಿಯ ಬಾಜೂ ಕೋಣೆಗೆ ಕಂಪ್ಯೂಟರ್ ಬಂದ ದಿನ ಓಣಿಗೆಲ್ಲ ಪೇಢೆ ಹಂಚಿದವಳು ನಾನೇ. ಮೂಡಲಗಿಯ ಪತ್ತಿನ ಸಂಘದ ಕೋಣೆ ಅದು. ಗೋಕಾಕ, ಹುಕ್ಕೇರಿ, ಬೆಲ್ಲದ ಬಾಗೇವಾಡಿ, ಎಲ್ಲ ಶಾಖೆಗಳ ಲೆಕ್ಕವೂ ಫೋನಿನ ತಂತಿಯಲ್ಲಿ ಬಂದು ಅಲ್ಲಿ ಕೂರುತ್ತಿತ್ತು. ಮ್ಯಾನೇಜರ್ ಶ್ರೇಣಿಕ ನಮ್ಮ ಮನೆಯವರ ಅಣ್ಣನ ಮಗ. ಹೆಮ್ಮೆ ಪಡದೆ ಇರಲಾದೀತೇ? ಆದರೆ ಎರಡು ಸಾವಿರದ ಮೂರರ ಮಳೆಗಾಲ ಬರುವ ಹೊತ್ತಿಗೆ, ಕೊಟ್ಟ ಪೇಢೆಯನ್ನೆಲ್ಲ ಕಕ್ಕಿಸಬೇಕು ಅನ್ನುವಷ್ಟು ಸಿಟ್ಟು ನನಗೆ.

ಓಣಿಗೆಲ್ಲ ಒಂದೇ ಟ್ರಾನ್ಸ್‌ಫಾರ್ಮರ್. ಕಂಪ್ಯೂಟರ್ ತಣ್ಣಗಿರಬೇಕೆಂದು ಅವರು ಹಗಲೂ ರಾತ್ರಿ ಎರಡು ಏಸಿ ಹಚ್ಚುತ್ತಿದ್ದರು. ಕರೆಂಟ್ ಸಾಲದೆ ನನ್ನ ಗಿರಣಿಯ ಕಲ್ಲು ಗಬ್ಬದ ಎಮ್ಮೆಯಂತೆ ತೆವಳುತ್ತಿತ್ತು, ಹಿಟ್ಟು ತರಿತರಿ. ಕಲ್ಲು ಜೋರಾಗಿ ತಿರುಗಿತೋ, ಫ್ಯೂಜ್ ಢಂ!

ಫ್ಯೂಜ್ ಹಾಕಿ ಹಾಕಿ ಲೈನ್‌ಮನ್ ಲಗಮಪ್ಪನಿಗೂ ಬೇಸರ ಬಂತು. "ದೊಡ್ಡ ಟ್ರಾನ್ಸ್‌ಫಾರ್ಮರ್ ಕೇಳೇನ್ರಿ, ಜಿನ್ನವ್ವಾರ. ಬೆಂಗಳೂರಾಗ ಕಂಪ್ಯೂಟರ್ ಕಂಪನಿಗೋಳಿಗೇ ಕರೆಂಟ್ ಸಾಲವಲ್ದು, ನಿಮ್ಮೋಣಿದು ಯಾವ ಲೆಕ್ಕ ಅಂತಾರ್ರಿ ಮ್ಯಾಲಿನವರು. ಯಾರರ ಒಬ್ರು ಬಂದ್ ಮಾಡ್ರಿ."

ಮರುದಿನ ಶ್ರೇಣಿಕ ಬಂದ. ನನ್ನ ಮುಖ ನೋಡದೆ ಹೇಳಿದ: "ಕಾಕು, ರವಿವಾರ ಸಂಘಕ್ಕ ಸೂಟಿ. ಅವತ್ತಷ್ಟ ಗಿರಣಿ ಚಾಲೂ ಮಾಡ್ರಿ. ಮಂದಿ ವಾರದ ಹಿಟ್ಟು ಒಮ್ಮೆಲೇ ಬೀಸಿಕೊಂಡು ಹೋಗಲಿ. ಇಲ್ಲಾಂದ್ರ ಗಿರಣಿ ಕನೆಕ್ಷನ್ ತಗಸಾಕ ನಮ್ಮ ಸಂಘದ ಡೈರೆಕ್ಟರು ಅರ್ಜಿ ಕೊಡತಾರ."

"ಏ ಹುಚ್ಚಪ್ಯಾಲಿ! ನೀ ಯಾರ ಮನ್ಯಾಗ ಹುಟ್ಟೀಯೋ? ಮಳಿಗಾಲದಾಗ ವಾರದ ಹಿಟ್ಟು ನಿಮ್ಮವ್ವ ತಿಂತಾಳೇನು?"

ಮಳೆಗಾಲದ ಹಿಟ್ಟಿಗೆ ನಮ್ಮ ಜೈನರ ಮನೆಗಳಲ್ಲಿ ಮೂರೇ ದಿನ ಆಯುಷ್ಯ. ಆಮೇಲೆ ಅದರಲ್ಲಿ ಜೀವ ಹುಟ್ಟುತ್ತದೆ, ತಿಂದರೆ ಹಿಂಸೆ. ಅದಕ್ಕೇ ಆ ದಿನಗಳಲ್ಲಿ ಬಾಗಿಲಲ್ಲಿ ಡಬ್ಬಿಗಳ ಸಾಲು ಕರಗುವುದೇ ಇಲ್ಲ. ಮನೆಯವರು ತೀರಿಕೊಂಡ ಮೇಲೆ ನನ್ನ ಹೊಟ್ಟೆ ನಡೆದದ್ದು ಆ ಸಾಲಿನಿಂದ. ಓಣಿಯಲ್ಲಿ ನನ್ನ ಮಾತಿಗೊಂದು ಬೆಲೆ ಬಂದದ್ದೂ ಅದರಿಂದಲೇ. ಕನೆಕ್ಷನ್ ತೆಗೆದರೆ ನಾನು ಯಾರು? ಹೆದರಿಕೆಯಾಯಿತು, ನಿಜ. ಸಿಟ್ಟಿನಲ್ಲಿ ಅದನ್ನು ತೋರಿಸಲಿಲ್ಲ. "ಆತು, ನಿನ್ನ ಮಾತ ನಡೀಲಿ" ಎಂದು ಗಿರಣಿಗೆ ಕೀಲಿ ಹಾಕಿದೆ.

ಮೂರು ದಿನ ಕಳೆಯಿತು. ಶ್ರೇಣಿಕನ ಅವ್ವ, ನನ್ನ ನೆಗೆಣ್ಣಿ, ಉಳಿದ ಹಿಟ್ಟನ್ನು ಮುಟ್ಟಲಿಲ್ಲ. ಮನೆಮಂದಿಗೆಲ್ಲ ಬರೀ ಅನ್ನ, ಸಾರು. ಜೋಳದ ರೊಟ್ಟಿ ಕಾಣದ ಶ್ರೇಣಿಕ ಎರಡೇ ಹೊತ್ತಿಗೆ ಸೋತು ಡಬ್ಬಿ ಹಿಡಿದು ಬಂದ.

"ಕಾಕು, ಇದೊಂದು ಡಬ್ಬಿ..."

"ಡಬ್ಬಿ ಅಲ್ಲೇ ಇಡು. ಮೊದಲ ನಿನ್ನ ಕೋಣಿ ತೋರಿಸು, ನನ್ನ ಅನ್ನ ತಿನ್ನೋ ಅಂಥಾದ್ದು ಒಳಗ ಏನೈತಿ ನೋಡೋಣು."

ಬೈಯಲೆಂದೇ ಹೊಕ್ಕವಳು ಬಾಗಿಲಲ್ಲೇ ಗಡಗಡ ನಡುಗಿದೆ. ಒಳಗೆ ಕಂಪ್ಯೂಟರ್ ಕಾಯುವ ಲಖನ ಸ್ವೆಟರ್ ತೊಟ್ಟು, ಕಿವಿಗೆ ಮಫ್ಲರ್ ಸುತ್ತಿಕೊಂಡು ಕುಳಿತಿದ್ದ.

"ಜ್ವರ ಬಂದಾವೇನೋ, ತಮ್ಮಾ?"

"ಇಲ್ಲವ್ವಾರ, ಏಸಿ ಥಂಡಿ."

ಹೊರಗೆ ಜಿಟಿಜಿಟಿ ಮಳೆ, ಬೀಸುಗಾಳಿ. ನನಗೆ ನಗು ಉಕ್ಕಿತು. "ಶ್ರೇಣಿಕಾ, ಮಳಿ ಬಂತಂತ ನಾವು ಮೂರು ದಿನಕ್ಕೊಮ್ಮೆ ಬೀಸ್ತೇವಿ. ಅದ ಮಳಿ ಪುಕ್ಕಟ ತಂಪು ಕೊಡಾಕತ್ತೈತಿ, ನೀ ಕಿಡಕಿ ಮುಚ್ಚಿ ರೊಕ್ಕ ಕೊಟ್ಟು ಥಂಡಿ ತರಸ್ತಿ!"

"ಹಿಟ್ಟಿನ ಧೂಳಿ ಬಂದ್ರ?"

"ಹಿತ್ತಲ ಕಿಡಕಿ ತಗಿ. ಅಲ್ಲಿ ಬರೇ ಕಬ್ಬಿನ ಹೊಲ ಐತಿ."

ಲಖನ ಮ್ಯಾನೇಜರನ ಅಪ್ಪಣೆಗೂ ಕಾಯದೆ ಎದ್ದು ಕಿಟಕಿ ತೆಗೆದ. ಎರಡೂ ಏಸಿ ಆರಿದವು. ನಾನು ಓಡಿಹೋಗಿ ಗಿರಣಿಯ ಕೀಲಿ ತೆಗೆದು ಗುಂಡಿ ಒತ್ತಿದೆ. ಕಲ್ಲು ಗಿರ್ರನೆ ತಿರುಗಿತು. ಫ್ಯೂಜ್ ಹೋಗಲಿಲ್ಲ. "ಇಲ್ಲೂ ಎಲ್ಲ ಬರೋಬ್ಬರಿ ಐತ್ರಿ!" ಎಂದು ಗೋಡೆಯಾಚೆಯಿಂದ ಲಖನ ಕೂಗಿದ. ಸಂತೋಷಕ್ಕೆ ನನ್ನ ಕಣ್ಣಲ್ಲಿ ನೀರು ಬಂತು.

ಶ್ರೇಣಿಕ ಬಿಸಿ ಹಿಟ್ಟಿನ ಡಬ್ಬಿ ಎತ್ತಿಕೊಂಡು ಹೊಸ್ತಿಲಲ್ಲಿ ನಿಂತ. "ಡೈರೆಕ್ಟರಿಗೆ ನಾ ಹೇಳ್ತೇನಿ, ಕಾಕು. ಅರ್ಜಿ ಗಿರ್ಜಿ ಏನೂ ಇಲ್ಲ. ಆದ್ರ ಬ್ಯಾಸಗ್ಯಾಗ ಏಸಿ ಬೇಕ ಬೇಕಲಾ, ಆವಾಗ?"

"ಬ್ಯಾಸಗ್ಯಾಗ ಹಿಟ್ಟು ಐದು ದಿನ ತಡೀತೈತಿ, ಗಿರಣಿ ದಿನಾ ತಿರುಗೋದು ಬ್ಯಾಡ. ನಿನ್ನ ಸಂಬಂಧ ನಾನೂ ತಡೀತೇನಿ. ಈಗ ಮನಿಗೆ ನಡಿ, ನಿಮ್ಮವ್ವ ಒಲಿ ಮ್ಯಾಲ ರೊಟ್ಟಿ ಹಂಚು ಇಟ್ಟು ಕುಂತಿರತಾಳ."